ಎಡ್ನಾಳ ಸಾವಿನ ಬಗ್ಗೆ ಲೋಕಯ್ಯನ ಥಿಯರಿ

"ಭೂತ ಅಲ್ಲ! ಭೂತ ಅಲ್ಲ ಅಂತ ಎಷ್ಟು ಸಲ ಬೊಬ್ಬೆ ಹಾಕಬೇಕು ನಿನಗೆ? ಅವಳನ್ನು ಕೊಂದದ್ದು ಆ ಮುದುಕ!"

"ನಿನ್ನ ತಲೆ! ಮುದುಕನಿಗೆ ಒಂದು ಕಾಲೇ ಇಲ್ಲ. ಕುರ್ಚಿ ಬಿಟ್ಟು ಏಳುವುದಿಲ್ಲ. ಅವನು ಯಾವ ಕಾಲಿನಲ್ಲಿ ಹೋಗಿ ಕೊಂದ?"

"ಕೊಲ್ಲಲಿಕ್ಕೆ ಕಾಲು ಎಂತಕ್ಕೆ? ನಾಲಿಗೆ ಸಾಕು!"

"ಹಾಗಾದರೆ ಮೆಟ್ಟಿಲಲ್ಲಿ ಕಪ್ಪು ಬಟ್ಟೆ ಹಾಕಿ ನಿಂತವಳು ಯಾರು? ನಿನ್ನ ಅಜ್ಜಿಯಾ?"

"ನನ್ನ ಅಜ್ಜಿ ಅಂದರೆ ನಿನಗೂ ಅಜ್ಜಿಯೇ! ಮಾತು ನೋಡಿ ಆಡು ಪ್ರಫುಲ್ಲಾ. ಒಂದು ಬಿಟ್ಟರೆ ಗೋಡೆಗೆ ಅಂಟಿಕೊಳ್ತೀ!"

"ಬಿಡು ನೋಡುವ. ನಲವತ್ತನಾಲ್ಕು ವರ್ಷದಿಂದ ಕೇಳ್ತಾ ಇದ್ದೇನೆ. ಬರೀ ಬಾಯಿ."

ವರ್ಕಾಡಿಯ ಲೋಕಯ್ಯನ ಮನೆಯ ಜಗಲಿಯಲ್ಲಿ ಒಂದು ಶನಿವಾರ ಸಂಜೆ ನಡೆದ ಜಗಳ ಇದು. ಬೊಬ್ಬೆ ಕೇಳಿ ದಾರಿಯಲ್ಲಿ ಹೋಗುತ್ತಿದ್ದ ಚನಿಯ ಗೇಟಿನ ಹತ್ತಿರ ನಿಂತ. "ಲೋಕಯ್ಯಣ್ಣ, ಯಾರು ತೀರಿಹೋದದ್ದು?" ಎಂದು ಮೆತ್ತಗೆ ಕೇಳಿದ.

"ಎಡ್ನಾ."

"ಯಾವ ಮನೆಯವಳು?"

"ದೀಪಸ್ತಂಭದವಳು. ಪಾಪದ ಹೆಂಗಸು. ಕೊಂದು ಹಾಕಿದ ಅವಳನ್ನು!"

ಚನಿಯ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಅಯ್ಯೋ ದೇವರೇ, ಪೊಲೀಸಿಗೆ ಹೇಳಿದ್ದೀರಾ?" ಎಂದ. ಪ್ರಫುಲ್ಲಾ ನಕ್ಕು ನಕ್ಕು, ಬೀಡಿ ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ತಡ್ಪೆಯನ್ನು ಮಡಿಲಿನಿಂದ ಕೆಳಗಿಟ್ಟಳು. ತಡ್ಪೆಯ ಅಂಚಿಗೆ ಒರಗಿಸಿಟ್ಟ ಅವಳ ಫೋನಿನಲ್ಲಿ ಆ ಎಡ್ನಾ ಆಗಷ್ಟೇ ಸತ್ತಿದ್ದಳು. ಎಡ್ನಾ ಒಂದು ಗೇಮಿನೊಳಗಿನ ಹೆಂಗಸು. ಹೆದರಿಸುವ ಗೇಮು. ಅದನ್ನು ಆಡುವವಳು ಅಕ್ಷಯಾ ಎಂಬ ಹುಡುಗಿ. ಕಾಸರಗೋಡಿನಲ್ಲಿ ಕಾಲೇಜಿಗೆ ಹೋಗುತ್ತಾ, ಸಂಜೆ ಹೊತ್ತು ಯೂಟ್ಯೂಬಿನಲ್ಲಿ ಇಂಥ ಗೇಮುಗಳನ್ನು ಲೈವ್ ಆಡಿ, ಇಂಗ್ಲಿಷಿನಲ್ಲಿ ಬಂದದ್ದನ್ನು ನಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು. ಮೊದಲು ಬೀಡಿ ಕಟ್ಟುವಾಗ ರೇಡಿಯೋ ಇಡುತ್ತಿದ್ದ ಪ್ರಫುಲ್ಲಾ ಈಗ ಅಕ್ಷಯಾಳನ್ನು ಇಡುತ್ತಿದ್ದಳು. ಕೈ ಬೀಡಿಯದ್ದು, ಕಣ್ಣು ಭೂತದ್ದು.

ಲೋಕಯ್ಯನಿಗೆ ಐವತ್ತೆರಡು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವ. ಬೀಡಿ ಬ್ರಾಂಚಿನಲ್ಲಿ ಇಪ್ಪತ್ತಾರು ವರ್ಷದಿಂದ ಚೆಕ್ಕರ್. ಹೆಂಗಸರು ಕಟ್ಟಿ ತಂದ ಬೀಡಿಯನ್ನು ಕೈಯಲ್ಲಿ ಆಡಿಸಿ, ಸರಿ ಇಲ್ಲದ್ದನ್ನು ಮುರಿದು ಬಿಸಾಡುವ ಕೆಲಸ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಟ್ಟನ್ನು ಕೈಯಲ್ಲಿ ಹಿಡಿದರೆ ಸಾಕು, ಒಂದು ಕಮ್ಮಿ ಇದ್ದರೆ ಅವನ ಬೆರಳಿಗೆ ಗೊತ್ತಾಗುತ್ತದೆ. ಬೆರಳಿಗಿದ್ದ ಬುದ್ಧಿ ನಾಲಿಗೆಗೆ ಇರಲಿಲ್ಲ. ಅವನ ಸಿಟ್ಟು ಮೊದಲ ಬಸ್ಸಿಗೆ ಬರುವಂಥದ್ದು. ಬುದ್ಧಿ ಅದರ ಹಿಂದಿನ ಬಸ್ಸಿಗೆ. ಹಾಗಾಗಿ ಸ್ವಂತ ಅಣ್ಣನ ಹತ್ತಿರ ಮಾತಿಲ್ಲ, ಹಾಲಿನ ಸೊಸೈಟಿಯವರ ಹತ್ತಿರ ಮಾತಿಲ್ಲ, ಪಕ್ಕದ ಮನೆಯವರ ಹತ್ತಿರ ಬಾವಿಯ ಹಗ್ಗದ ವಿಷಯದಲ್ಲಿ ಹನ್ನೊಂದು ವರ್ಷದಿಂದ ಮಾತಿಲ್ಲ. ಹುಡುಗಿ ನೋಡಲು ಹೋದ ಎರಡು ಮನೆಗಳಲ್ಲೂ ಹುಡುಗಿಯ ಅಪ್ಪನ ಹತ್ತಿರ ಜಗಳ ಮಾಡಿ ಬಂದದ್ದರಿಂದ ಮದುವೆಯೂ ಇಲ್ಲ. ಊರಿನ ಮದುವೆ ಕಾಗದಗಳು ಆ ಮನೆಗೆ ಪ್ರಫುಲ್ಲಾಳ ಹೆಸರಿನಲ್ಲಿ ಬರುತ್ತಿದ್ದವು. ಲೋಕಯ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಳ ಮಾಡಿಯೂ ಮಾತು ನಿಲ್ಲಿಸದ ಒಬ್ಬಳೇ ಒಬ್ಬಳು ಲೋಕದಲ್ಲಿ ಉಳಿದಿದ್ದಳು, ಅವಳೇ ತಂಗಿ.

ಈ ಗೇಮಿನ ಹುಚ್ಚು ಅವನಿಗೆ ಹಿಡಿದದ್ದೂ ಜಗಳದಿಂದಲೇ. "ಎಂತ ಇದು ಪಿಶಾಚಿ ವೇಷ" ಎಂದು ಬೈಯಲಿಕ್ಕೆ ಫೋನಿನ ಮುಂದೆ ಕೂತವ ಮೂರು ವಾರ ಏಳಲಿಲ್ಲ.

ಗೇಮಿನ ಕತೆ ಇಷ್ಟು. ಎಲ್ಲೋ ಚಳಿಯ ದೇಶ, ಸಮುದ್ರದ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಒಂದು ದೀಪಸ್ತಂಭ. ಅಲ್ಲಿ ಇರುವುದು ಇಬ್ಬರು: ಸೈಲಸ್ ಎಂಬ ಒಂಟಿಕಾಲಿನ ಮುದುಕ, ದಿನಾ ದೀಪ ಹಚ್ಚುವ ಎಡ್ನಾ. ಎಡ್ನಾಳಿಗೆ ಊರಿಗೆ ಹೋಗಬೇಕು. ತಿಂಗಳಿಗೊಮ್ಮೆ ದೋಣಿ ಬರುತ್ತದೆ, ಆದರೆ ನೀರು ಇಳಿದು ಇಪ್ಪತ್ತು ಮೆಟ್ಟಿಲು ಒಣಗಿದ್ದರೆ ಮಾತ್ರ ಬಂಡೆಗೆ ತಾಗುತ್ತದೆ. ಅವಳು ಸಂಜೆ ಇಳಿದು ಹೋಗಿ ಒಣಗಿದ ಮೆಟ್ಟಿಲು ಎಣಿಸಿ, ಅಷ್ಟು ಗೆರೆಯನ್ನು ಸ್ಲೇಟಿನಲ್ಲಿ ಎಳೆದು ಮುದುಕನ ಮೇಜಿನ ಮೇಲೆ ಇಡುವುದು. ಬೆಳಿಗ್ಗೆ ಮುದುಕ ಸ್ಲೇಟು ನೋಡಿ, ಇಪ್ಪತ್ತಿದ್ದರೆ ಕುರ್ಚಿಯಲ್ಲೇ ಕೂತು ಹಗ್ಗ ಎಳೆದು ದೋಣಿಗೆ ಬಾವುಟ ಏರಿಸುವುದು. ಪ್ರತಿ ತಿಂಗಳೂ ಬೆಳಿಗ್ಗೆ ನೋಡುವಾಗ ಹದಿನೆಂಟು. "ಹದಿನೆಂಟೇ ಇರುವುದು ಮಗಳೇ. ಮುಂದಿನ ತಿಂಗಳು ನೋಡುವ" ಎನ್ನುತ್ತಾನೆ ಮುದುಕ. ಕೊನೆಗೆ ಒಂದು ನಸುಕಿನಲ್ಲಿ ನೀರು ಏರುತ್ತಿರುವಾಗಲೇ ಅವಳು ಮೆಟ್ಟಿಲು ಇಳಿದಳು, ಸಮುದ್ರ ಎಳೆದುಕೊಂಡಿತು. ಆ ಹೊತ್ತಿಗೆ ಮೆಟ್ಟಿಲಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಳು. ಆಡಿದವರು, ನೋಡಿದವರು ಎಲ್ಲ ಸೇರಿ, ಅವಳೇ ಭೂತವೆಂದು, ಸಾವನ್ನು ಅವಳ ತಲೆಗೇ ಕಟ್ಟಿದರು.

ಲೋಕಯ್ಯ ಒಬ್ಬ ಬಿಟ್ಟು. "ನನ್ನಲ್ಲಿ ಸಾಕ್ಷಿ ಉಂಟು" ಎಂದು ತಂಗಿಯ ಮುಂದೆ ಎದೆ ತಟ್ಟಿದ. "ಎಂತ ಸಾಕ್ಷಿ?" ಎಂದರೆ ಹೇಳಲಿಲ್ಲ. "ನಿನಗೆ ಹೇಳಿದರೆ ನೀನು ನಾಳೆ ಬ್ರಾಂಚಿನಲ್ಲಿ ನಿನ್ನ ಥಿಯರಿ ಅಂತ ಹೇಳ್ತೀ. ನಾನು ಲೈವಿನಲ್ಲೇ ಹೇಳುವುದು." ಆ ರಾತ್ರಿ ಊಟಕ್ಕೆ ಮೊದಲು ಅಕ್ಷಯಾಳಿಗೆ ಏಳು ನಿಮಿಷದ ವಾಯ್ಸ್ ಮೆಸೇಜು ಕಳಿಸಿದ. ಅದರಲ್ಲಿ ಐದು ನಿಮಿಷ ಬೈಗಳು. ಅವಳು ಕೂಡಲೇ ಉತ್ತರ ಕೊಟ್ಟಳು: "ಅಂಕಲ್, ಸೂಪರ್! ನಾಳೆ ನಾಲ್ಕು ಗಂಟೆಗೆ ಲೈವಿಗೆ ಫೋನ್ ಮಾಡಿ."

ಆ ಗೇಮಿನ ವಿಷಯ ಅಲ್ಲಿಗೆ ಇಟ್ಟು, ಮನೆಯ ವಿಷಯ ಹೇಳದಿದ್ದರೆ ಲೋಕಯ್ಯನ ದಡ್ಡತನದ ಅಳತೆ ಸಿಗುವುದಿಲ್ಲ.

ನಾಲ್ಕು ತಿಂಗಳ ಹಿಂದೆ ಪ್ರಫುಲ್ಲಾಳಿಗೆ ಒಂದು ಸಂಬಂಧ ಬಂದಿತ್ತು. ಬೋವಿಕಾನದಲ್ಲಿ ಟೈಲರ್ ಅಂಗಡಿ ಇಟ್ಟ ಐತಪ್ಪ. ವಯಸ್ಸು ನಲವತ್ತೆಂಟು, ಹೆಂಡತಿ ತೀರಿ ಆರು ವರ್ಷ, ಮಕ್ಕಳಿಲ್ಲ. ಮನೆಗೆ ಬಂದ, ಚಾ ಕುಡಿದ, ಕುಡಿದ ಗ್ಲಾಸನ್ನು ತಾನೇ ತೊಳೆದು ಕವುಚಿಟ್ಟ. ಪ್ರಫುಲ್ಲಾ ಮೂವತ್ತು ವರ್ಷದಲ್ಲಿ ತಾನು ಬಿಟ್ಟು ಬೇರೆ ಯಾರೂ ಆ ಮನೆಯಲ್ಲಿ ಗ್ಲಾಸು ತೊಳೆದದ್ದನ್ನು ನೋಡಿರಲಿಲ್ಲ. ಆ ಗ್ಲಾಸನ್ನು ಅವಳು ಎರಡು ದಿನ ಅಲ್ಲಿಂದ ತೆಗೆಯಲಿಲ್ಲ. ಲೋಕಯ್ಯ ಐತಪ್ಪನ ಮೇಲೆ ತಪ್ಪು ಹುಡುಕಲು ವಾರವಿಡೀ ಒದ್ದಾಡಿದ. ಕುಡಿತ ಇಲ್ಲ, ಸಾಲ ಇಲ್ಲ, ಜಗಳ ಕೂಡ ಇಲ್ಲ. ಕೊನೆಗೆ "ಹೀಗೆ ಒಂದೂ ತಪ್ಪಿಲ್ಲದ ಮನುಷ್ಯರನ್ನು ನಂಬಲಿಕ್ಕಾಗುವುದಿಲ್ಲ" ಎಂದ. ಪ್ರಫುಲ್ಲಾ, "ಹಾಗಾದರೆ ನಿನ್ನನ್ನು ಕಣ್ಣು ಮುಚ್ಚಿ ನಂಬಬಹುದು" ಎಂದಳು.

ಕಡೆಗೆ ತಾಂಬೂಲ ಪ್ರಶ್ನೆ ಕೇಳಿ ತೀರ್ಮಾನ ಮಾಡುವುದೆಂದಾಯಿತು. ನಮ್ಮ ಕಡೆ ಗೊತ್ತಿದ್ದದ್ದೇ: ಮನೆಯಿಂದ ವೀಳ್ಯದೆಲೆ ತೆಗೆದುಕೊಂಡು ಹೋಗಿ ಜ್ಯೋತಿಷಿಯ ಮುಂದೆ ಇಟ್ಟರೆ, ಅವರು ಎಲೆ ಎಣಿಸಿ, ಹತ್ತರಿಂದ ಗುಣಿಸಿ, ಒಂದು ಕೂಡಿಸಿ, ಏಳರಿಂದ ಭಾಗಿಸಿ, ಉಳಿದದ್ದರಲ್ಲಿ ಗ್ರಹ ಹೇಳುತ್ತಾರೆ. ಎಲೆಯನ್ನು ಲೆಕ್ಕ ನೋಡಿ ತೆಗೆಯಬಾರದು, ಕೈಗೆ ಬಂದಷ್ಟು ಕೊಯ್ಯಬೇಕು. ಆದರೆ ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದ ಪ್ರಫುಲ್ಲಾಳ ಕೈಗೆ ಏನು ಬಂದರೂ ಬರುವುದು ಇಪ್ಪತ್ತೈದೇ. ನೆಲಕಡಲೆ ತೆಗೆದರೂ ಅಷ್ಟೇ, ಅಬ್ಬಲಿಗೆ ಹೂ ಕೊಯ್ದರೂ ಅಷ್ಟೇ. ತೆಂಗಿನ ಮರಕ್ಕೆ ಹಬ್ಬಿದ ಬಳ್ಳಿಯಿಂದ ಎಲೆ ಕೊಯ್ದು, ಬಾಳೆ ಎಲೆಯಲ್ಲಿ ಮಡಚಿ ಅಣ್ಣನ ಕೈಯಲ್ಲಿ ಕೊಟ್ಟಳು. ಅವಳಿಗೆ ಬ್ರಾಂಚಿಗೆ ಬೀಡಿ ಕೊಂಡುಹೋಗಲಿಕ್ಕಿತ್ತು, ಅವನೊಬ್ಬನೇ ಹೊರಟ.

ಜೀಪಿನಲ್ಲಿ ಕೂತು ಲೋಕಯ್ಯ ಆ ಕಟ್ಟನ್ನು ಕೈಯಲ್ಲಿ ಹಿಡಿದ. ಬೆರಳು ಹೇಳಿತು, ಇಪ್ಪತ್ತೈದು. ಬೇರೆಯವರ ಪ್ರಶ್ನೆಗಳಿಗೆ ಜೊತೆಗೆ ಹೋಗಿ ಹೋಗಿ ಗುಣಾಕಾರ ಅವನಿಗೆ ಬಾಯಿಪಾಠ. ಇನ್ನೂರೈವತ್ತೊಂದು, ಏಳರಿಂದ ಭಾಗಿಸಿದರೆ ಉಳಿಯುವುದು ಆರು. ಆರು ಅಂದರೆ ಶುಕ್ರ. ಮದುವೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸಂಜೆ ಜಗಲಿಯಲ್ಲಿ ತಾನೊಬ್ಬನೇ ಕೂತು ಯಾರನ್ನು ಬೈಯುವುದು? ಎರಡು ಎಲೆ ಎಳೆದು ತೆಗೆದ. ಇನ್ನೂರ ಮೂವತ್ತೊಂದು, ಉಳಿಯುವುದು ಸೊನ್ನೆ. ಸೊನ್ನೆ ಅಂದರೆ ಶನಿ. ತೆಗೆದ ಎಲೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ, ಪಕ್ಕದಲ್ಲಿದ್ದವನ ಹತ್ತಿರ ಅಡಿಕೆ ಸುಣ್ಣ ಕೇಳಿ ತಿಂದ. ಕಳ್ಳನೊಬ್ಬ ಕದ್ದದ್ದನ್ನು ಜಗಿದು, ಜೀಪಿನಿಂದ ಹೊರಗೆ ಉಗುಳಿದ್ದು ಅದೇ ಮೊದಲಿರಬೇಕು.

ಜ್ಯೋತಿಷಿ ವೆಂಕಟಕೃಷ್ಣ ಭಟ್ಟರು ಎಲೆ ಎಣಿಸಿ ಮುಖ ಸಣ್ಣದು ಮಾಡಿಕೊಂಡರು. "ಶನಿ. ಎರಡು ವರ್ಷ ಆ ಹೆಣ್ಣು ಹೊಸ ಹೊಸಿಲು ದಾಟಬಾರದು. ಮನೆಯ ಯಜಮಾನನಿಗೂ ಕಷ್ಟ ಉಂಟು" ಎಂದರು. ಇಲ್ಲಿಂದ ಲೋಕಯ್ಯನ ಬುದ್ಧಿವಂತಿಕೆ ಶುರುವಾಗುತ್ತದೆ. ಶನಿಯನ್ನು ಕೈಯಾರೆ ಕರೆತಂದವ ತಾನೇ ಎಂದು ಗೊತ್ತಿದ್ದೂ, 'ಯಜಮಾನನಿಗೂ' ಎಂಬ ಮಾತು ಕೇಳಿದ ಕೂಡಲೇ ಅವನು ಭಟ್ಟರ ಹತ್ತಿರಕ್ಕೆ ಜರುಗಿದ. "ಪರಿಹಾರ ಎಂತ ಭಟ್ಟರೇ?" ಎಂದು ಗಾಬರಿಯಲ್ಲಿ ಕೇಳಿದ. ಇಪ್ಪತ್ತೊಂದು ಶನಿವಾರ ಎಳ್ಳೆಣ್ಣೆ ದೀಪ ಎಂದಾಯಿತು. ಎಡ್ನಾಳ ವಿಷಯದಲ್ಲಿ ಜಗಳವಾದ ಆ ದಿನ ಹದಿನಾರನೇ ದೀಪ ಇಟ್ಟು ಬಂದಿದ್ದ.

ಭಟ್ಟರು ಚೀಟಿಯಲ್ಲಿ ಬರೆದ ಎಲೆಯ ಲೆಕ್ಕವನ್ನು ಪ್ರಫುಲ್ಲಾ ಪ್ರಶ್ನೆಯ ದಿನವೇ ಓದಿದ್ದಳು.

"ಇಪ್ಪತ್ತಮೂರಾ? ನಾನು ಇಟ್ಟದ್ದು ಇಪ್ಪತ್ತೈದು."

"ನಿನ್ನ ಲೆಕ್ಕ ತಪ್ಪಿತು."

"ನನ್ನ ಕೈ ತಪ್ಪುವುದಿಲ್ಲ ಅಣ್ಣ."

"ಭಟ್ಟರು ನನ್ನ ಕಣ್ಣೆದುರು ಎಣಿಸಿದ್ದು. ಭಟ್ಟರು ಸುಳ್ಳಾ? ವಯಸ್ಸಾಯಿತು ನಿನಗೆ, ಒಪ್ಪಿಕೋ."

ಅವಳು ಒಪ್ಪಿಕೊಂಡಳು. ಮರುದಿನದಿಂದ ಬೀಡಿಯ ಕಟ್ಟನ್ನು ಎರಡು ಸಲ ಎಣಿಸತೊಡಗಿದಳು. ಆಮೇಲೆ ಮೂರು ಸಲ. ಕಟ್ಟಿದ ನೂಲು ಬಿಚ್ಚಿ ಮತ್ತೆ ಕಟ್ಟಿದ ಗುರುತು ಬ್ರಾಂಚಿನಲ್ಲಿ ಲೋಕಯ್ಯನ ಬೆರಳಿಗೇ ಸಿಗುತ್ತಿತ್ತು. ದಿನಕ್ಕೆ ಸಾವಿರ ಕಟ್ಟುವವಳು ಏಳುನೂರಕ್ಕೆ ಇಳಿದಳು. ಪ್ರತಿ ಕಟ್ಟಿನಲ್ಲೂ ಇಪ್ಪತ್ತೈದು ಸರಿಯಾಗಿಯೇ ಇರುತ್ತಿತ್ತು. ಊರೆಲ್ಲ ಕೇಳುವಂತೆ ಕೂಗುವ ಲೋಕಯ್ಯ ಆ ಕಟ್ಟುಗಳನ್ನು ಮಾತಿಲ್ಲದೆ ಪಕ್ಕಕ್ಕೆ ಇಡುತ್ತಿದ್ದ. ಎರಡು ವರ್ಷ ಕಾಯಬೇಕೆಂದು ಐತಪ್ಪನಿಗೆ ಹೇಳಿದರೆ ಅವನು "ಕಾಯ್ತೇನೆ" ಎಂದುಬಿಟ್ಟ. ಲೋಕಯ್ಯನಿಗೆ ಅದಕ್ಕೂ ಸಿಟ್ಟು ಬಂತು.

ಇಷ್ಟೆಲ್ಲ ಮಾಡಿದವನಿಗೆ ದೀಪಸ್ತಂಭದ ಮುದುಕನನ್ನು ಕಂಡಾಗ ತನ್ನ ನೆನಪು ಬರಲಿಲ್ಲವೇ? ಬರಲಿಲ್ಲ. ಈಗ ಕೇಳಿದರೆ ಲೋಕಯ್ಯ ತನ್ನ ಹಣೆಗೆ ತಾನೇ ಹೊಡೆದುಕೊಂಡು ಹೇಳುತ್ತಾನೆ: "ಕನ್ನಡಿ ನೋಡಿ ಯಾರು ಈ ಕತ್ತೆ ಅಂತ ಕೇಳಿದ ಹಾಗಾಯಿತು ಮಾರಾಯ."

ಭಾನುವಾರ ನಾಲ್ಕು ಗಂಟೆಗೆ ಲೋಕಯ್ಯ ಕಾಲರಿನ ಅಂಗಿ ಹಾಕಿಕೊಂಡು ಫೋನ್ ಮಾಡಿದ. ದನಿ ಮಾತ್ರ ಕೇಳುವುದು, ಅಂಗಿ ಯಾಕೆ ಎಂದು ಪ್ರಫುಲ್ಲಾ ಕೇಳಿದ್ದಳು. "ಮರ್ಯಾದೆ" ಎಂದಿದ್ದ.

"ಹಾಯ್ ಫ್ರೆಂಡ್ಸ್! ಇವತ್ತು ನಮ್ಮೊಟ್ಟಿಗೆ ವರ್ಕಾಡಿಯಿಂದ ಲೋಕಯ್ಯ ಅಂಕಲ್ ಇದ್ದಾರೆ. ಎಡ್ನಾಳದ್ದು ಮರ್ಡರ್ ಅಂತ ಅವರ ಥಿಯರಿ. ಅಂಕಲ್, ಹತ್ತಿರ ಬೇರೆ ಫೋನಲ್ಲಿ ಲೈವ್ ಹಾಕಿದ್ದೀರಾ? ಎಕೋ ಬರ್ತದೆ. ಸ್ವಲ್ಪ ದೂರ ಹೋಗಿ."

"ಅಂಕಲ್ ಅಲ್ಲ, ಲೋಕಯ್ಯಣ್ಣ ಅನ್ನು" ಎಂದು ಅವನು ಜಗಲಿ ಇಳಿದು ಅಂಗಳದ ಮೂಲೆಗೆ ಹೋದ. ಜಗಲಿಯಲ್ಲಿ ಪ್ರಫುಲ್ಲಾ ತಡ್ಪೆ ಮಡಿಲಲ್ಲಿಟ್ಟು, ಫೋನ್ ಒರಗಿಸಿಟ್ಟು ಬೀಡಿ ಕಟ್ಟುತ್ತಾ ಕೂತಿದ್ದಳು. ಅಂಗಳದಲ್ಲಿ ಇವನು ಆಡಿದ ಮಾತು ಕಾಸರಗೋಡಿಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಅರ್ಧ ನಿಮಿಷ ಬಿಟ್ಟು ಜಗಲಿಯ ಫೋನಿಗೆ ಬರುತ್ತಿತ್ತು.

"ಸ್ಲೇಟು ನೋಡಿ ಎಲ್ಲರೂ" ಎಂದು ಲೋಕಯ್ಯ ಶುರು ಮಾಡಿದ. "ಮೂರನೇ ಭಾಗದಲ್ಲಿ ಅಕ್ಷಯಾ ಸೀನುವಾಗ ಗೇಮು ನಿಂತಿತಲ್ಲ, ಆಗ ನಾನು ಎಣಿಸಿದೆ. ಸಂಜೆ ಎಡ್ನಾ ಎಳೆದದ್ದು ಇಪ್ಪತ್ತು ಗೆರೆ. ಬೆಳಿಗ್ಗೆ ಮುದುಕನ ಮೇಜಿನ ಮೇಲೆ ಹದಿನೆಂಟು. ಕೊನೆಯ ಎರಡು ಗೆರೆಯ ಜಾಗದಲ್ಲಿ ಚಾಕ್ ಉಜ್ಜಿದ ಬಿಳಿ ಉಂಟು. ಉಜ್ಜಿದ್ದು ಯಾರು? ಭೂತಕ್ಕೆ ಸ್ಲೇಟು ಉಜ್ಜುವ ಕೆಲಸ ಉಂಟಾ?"

ಅಕ್ಷಯಾ ಆ ಜಾಗ ಹುಡುಕಿ ತೆಗೆದು ದೊಡ್ಡದು ಮಾಡಿ ತೋರಿಸಿದಳು. "ಅಯ್ಯೋ ದೇವರೇ! ಫ್ರೆಂಡ್ಸ್, ನೋಡಿ, ನಿಜ!" ಸಾವಿರದ ಮುನ್ನೂರು ಜನ ನೋಡುತ್ತಿದ್ದಾರಂತೆ. ಲೋಕಯ್ಯ ಅಂಗಿಯ ಕಾಲರು ಸರಿ ಮಾಡಿಕೊಂಡ.

"ಆದರೆ ಅಣ್ಣ, ಒಂದು ಡೌಟು. ಎಡ್ನಾಗೆ ಗೊತ್ತಾಗಲಿಲ್ಲವಾ? ತಾನೇ ಎಳೆದ ಗೆರೆ ಅಲ್ಲವಾ?"

"ಗೊತ್ತಾಗದೆ? ಗೊತ್ತಿತ್ತು. ಮುದುಕ ಎಂತ ಹೇಳಿದ? 'ನಿನ್ನ ಲೆಕ್ಕ ತಪ್ಪಿತು ಮಗಳೇ' ಅಂದ. ಮನೆಯ ಹಿರಿಯ ಹಾಗೆ ಹೇಳಿದರೆ ಯಾರು ನಂಬುವುದಿಲ್ಲ? ಅವಳು ಅವನನ್ನು ನಂಬಿದಳು, ತನ್ನ ಕಣ್ಣನ್ನು ಬಿಟ್ಟಳು. ಆಮೇಲೆ ಒಂದು ಸಲ ಎಣಿಸುವಲ್ಲಿ ಎರಡು ಸಲ, ಎರಡು ಸಲ ಎಣಿಸುವಲ್ಲಿ ಮೂರು ಸಲ. ಆ ನಸುಕಿನಲ್ಲಿ ಏರುವ ನೀರಿಗೆ ಇಳಿದದ್ದು ಎಂತಕ್ಕೆ? ಇನ್ನೊಮ್ಮೆ ಎಣಿಸಲಿಕ್ಕೆ! ನಾನು ಇಪ್ಪತ್ತಾರು ವರ್ಷ ಲೆಕ್ಕದ ಕೆಲಸ ಮಾಡಿದವ, ಬರೆದಿಟ್ಟುಕೊಳ್ಳಿ: ದಿನಾ ಎಣಿಸುವವರ ಕೈ ಎರಡು ತಪ್ಪುವುದಿಲ್ಲ. ಎರಡು ಕಮ್ಮಿ ಬಂದರೆ ಯಾರೋ ತೆಗೆದದ್ದು!"

"ಬೆಂಕ್ಯೇ! ಹಾಗಾದರೆ ಮೋಟಿವ್? ಮುದುಕ ಯಾಕೆ ಹಾಗೆ ಮಾಡಿದ್ದು? ಅವಳನ್ನು ಕೊಲ್ಲಬೇಕಂತಲಾ?"

"ಛೆ, ಕೊಲ್ಲಲಿಕ್ಕೆ ಅಲ್ಲ." ಲೋಕಯ್ಯನ ದನಿ ಅವನಿಗೇ ತಿಳಿಯದಂತೆ ತಗ್ಗಿತು. "ಅವಳು ಹೋದರೆ ಅವನೊಟ್ಟಿಗೆ ಮಾತಾಡುವವರು ಆ ಬಂಡೆಯಲ್ಲಿ ಯಾರೂ ಇರಲಿಲ್ಲ. ಅಷ್ಟೇ. ಹೋಗಬೇಡ ಅಂತ ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆ. ಹಾಗೆ ಗೆರೆ ಉಜ್ಜಿದ."

"ನಿಮಗೆ ಹೇಗೆ ಗೊತ್ತು ಅಣ್ಣ?"

"ಅಂಥವರನ್ನು ಮುಖ ನೋಡಿದರೆ ಗೊತ್ತಾಗುತ್ತದೆ!"

ಅಕ್ಷಯಾ ಚಪ್ಪಾಳೆ ಹೊಡೆದಳು, ಫೋನ್ ಇಟ್ಟಳು. ಗೆದ್ದ ಹುಂಜದ ಹಾಗೆ ಲೋಕಯ್ಯ ಜಗಲಿಯ ಕಡೆ ತಿರುಗಿದ. ಪ್ರಫುಲ್ಲಾಳ ಕೈ ನಿಂತಿತ್ತು. ಅರ್ಧ ಸುತ್ತಿದ ಬೀಡಿಯೊಂದು ಅವಳ ಬೆರಳ ನಡುವೆ ಬಿಚ್ಚಿಕೊಂಡು ಹೊಗೆಸೊಪ್ಪು ಮಡಿಲಿಗೆ ಉದುರುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೈ ಹಾಗೆ ನಿಂತದ್ದನ್ನು ಅವನು ನೋಡಿರಲಿಲ್ಲ.

"ಎರಡು ಕಮ್ಮಿ ಬಂದರೆ ಯಾರೋ ತೆಗೆದದ್ದು!" ಎಂದು ಜಗಲಿಯ ಫೋನಿನೊಳಗಿನ ಲೋಕಯ್ಯ ಆಗ ಕೂಗಿದ.

ಅಂಗಳದ ಲೋಕಯ್ಯನಿಗೆ ಆಗ ಬುದ್ಧಿಯ ಬಸ್ಸು ಬಂತು. ಓಡಿ ಹೋಗಿ, "ಆಫ್ ಮಾಡು ಅದನ್ನು! ಚಾರ್ಜು ಮುಗೀತದೆ!" ಎಂದು ಕೈ ಚಾಚಿದ. ಅವಳು ಫೋನನ್ನು ಎತ್ತಿ ಇನ್ನೊಂದು ಬದಿಗೆ ಇಟ್ಟಳು.

"ಅಣ್ಣ, ಆ ಎರಡು ಎಲೆ ಎಂತ ಮಾಡಿದೆ?"

"ಯಾವ ಎಲೆ? ಎಂತ ಎಲೆ? ನಾನು ಗೇಮಿನ ವಿಷಯ ಹೇಳಿದರೆ ನನ್ನ ಮೇಲೆ ಅಪವಾದ ಹಾಕ್ತೀಯಾ? ಅಪ್ಪ ಸತ್ತ ಮೇಲೆ ಈ ಮನೆ ನೋಡಿಕೊಂಡವ ನಾನು..."

"ಕೊಲ್ಲಲಿಕ್ಕೆ ಅಲ್ಲ" ಎಂದ ಫೋನಿನ ಲೋಕಯ್ಯ. "ಅವಳು ಹೋದರೆ ಅವನೊಟ್ಟಿಗೆ ಮಾತಾಡುವವರು..."

ಜಗಲಿಯ ಮೇಲೆ ಇಬ್ಬರು ಲೋಕಯ್ಯಂದಿರು ಒಟ್ಟಿಗೆ ಮಾತಾಡುತ್ತಿದ್ದರು. ಫೋನಿನಲ್ಲಿದ್ದವ ಸರಿಯಾಗಿ ಮಾತಾಡುತ್ತಿದ್ದ. ನಿಂತಿದ್ದವನ ಬಾಯಿ ತಾನಾಗಿ ಮುಚ್ಚಿತು.

"ತಿಂದೆ" ಎಂದ ಕೊನೆಗೆ.

"ಎಂತ?"

"ಅಡಿಕೆ ಸುಣ್ಣ ಹಾಕಿ ತಿಂದೆ. ಜೀಪಿನಲ್ಲಿ."

ಪ್ರಫುಲ್ಲಾ ಅವನನ್ನೇ ನೋಡಿದಳು. ಮೊದಲು ತುಟಿ ಅಲುಗಿತು, ಆಮೇಲೆ ಹೆಗಲು, ಆಮೇಲೆ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮತ್ತೆ ಆ ಎಳ್ಳೆಣ್ಣೆ ದೀಪ? ಹದಿನಾರು ಶನಿವಾರ?"

"ಶನಿ ಬಂದನಲ್ಲ."

"ಶನಿಯನ್ನು ಕರೆದುಕೊಂಡು ಬಂದದ್ದು ನೀನೇ ಅಲ್ಲವಾ!"

"ಯಾರು ಕರೆದರೂ ಬಂದದ್ದು ಬಂದದ್ದೇ ಅಲ್ಲವಾ? ಭಟ್ಟರು ಯಜಮಾನನಿಗೆ ಕಷ್ಟ ಅಂದರು."

ಅವಳು ಇನ್ನೂ ಜೋರಾಗಿ ನಕ್ಕಳು. ಲೋಕಯ್ಯನೂ ಹಲ್ಲು ಕಿರಿದ. ನಕ್ಕಾಯಿತಲ್ಲ, ಮುಗಿಯಿತು, ಇನ್ನು ಚಾ ಇಡುತ್ತಾಳೆ ಎಂದುಕೊಂಡ. ಮನುಷ್ಯರನ್ನು ಅಳೆಯುವುದರಲ್ಲಿ ಅವನು ಅಷ್ಟು ಜಾಣ.

ನಗು ಮುಗಿದ ಮೇಲೆ ಪ್ರಫುಲ್ಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಲ್ಕು ತಿಂಗಳು ನಾನು ಒಂದೊಂದು ಕಟ್ಟನ್ನೂ ಬಿಚ್ಚಿ ಎಣಿಸಿದೆ. ನೀನು ನೋಡಿದ್ದೀ."

"ನೋಡಿದ್ದೇನೆ."

"ನನಗೆ ತಲೆ ಸರಿ ಇಲ್ಲವಾ ಅಂತ ಒಂದು ಸಲ ನಿನ್ನ ಹತ್ತಿರವೇ ಕೇಳಿದೆ. ನೆನಪುಂಟಾ?"

ಲೋಕಯ್ಯನಿಗೆ ನೆನಪಿತ್ತು. "ಸರಿ ಇರುವವರು ಹೀಗೆ ಕೇಳುವುದಿಲ್ಲ" ಎಂದು ತಾನು ಹೇಳಿದ್ದೂ ನೆನಪಿತ್ತು.

"ಲೋಕದವರಿಗೆಲ್ಲ ಬೈಯಲಿಕ್ಕೆ ಬಾಯಿ ಉಂಟು ನಿನಗೆ. ಹೋಗಬೇಡ ಅಂತ ನನ್ನ ಹತ್ತಿರ ಹೇಳಲಿಕ್ಕೆ ಇರಲಿಲ್ಲ."

"ಈಗ ಹೇಳ್ತೇನೆ. ಹೋಗಬೇಡ."

"ಈಗ ತಡವಾಯಿತು."

ಅವಳು ತಡ್ಪೆಯನ್ನು ಎತ್ತಿ ಒಳಗಿಟ್ಟು, ಕೈಕಾಲು ತೊಳೆದು, ಸೀರೆ ಬದಲಿಸಿ, ಒಂದು ಕೈಚೀಲ ಹಿಡಿದುಕೊಂಡು ಹೊರಗೆ ಬಂದಳು. ಅಷ್ಟು ಹೊತ್ತೂ ಲೋಕಯ್ಯ ಜಗಲಿಯ ಕಂಬಕ್ಕೆ ಒರಗಿ ನಿಂತು, ಏನು ಹೇಳಿದರೆ ಕೆಲಸವಾದೀತೆಂದು ಯೋಚಿಸುತ್ತಿದ್ದ. ಮೆತ್ತಗಿನ ಮಾತು ಆಡಿ ಅಭ್ಯಾಸವಿಲ್ಲದವನಿಗೆ ಬೇಕಾದ ಹೊತ್ತಿಗೆ ಎಲ್ಲಿಂದ ಬರಬೇಕು?

"ಎಲ್ಲಿಗೆ?"

"ಬೋವಿಕಾನಕ್ಕೆ. ಐತಪ್ಪನವರ ಅಕ್ಕನ ಮನೆ ಉಂಟು ಅಲ್ಲಿ. ಮದುವೆಯವರೆಗೆ ಅಲ್ಲಿ ಇರ್ತೇನೆ."

"ಹಾಗೆ ಹೋಗಲಿಕ್ಕಾಗ್ತದಾ? ಜನ ಎಂತ ಹೇಳ್ತಾರೆ? ಇನ್ನೊಮ್ಮೆ ಪ್ರಶ್ನೆ ಕೇಳುವ. ಈ ಸಲ ಎಲೆಗೆ ನಾನು ಕೈ ಹಾಕುವುದಿಲ್ಲ, ನೀನೇ ಭಟ್ಟರ ಕೈಗೆ ಕೊಡು. ಶುಕ್ರ ಬರ್ತದೆ, ನಾನು ಲೆಕ್ಕ ಹಾಕಿದ್ದೇನೆ."

"ಬೇಡ."

"ಪರಿಹಾರಕ್ಕೆ ಇನ್ನು ಐದು ಶನಿವಾರ ಬಾಕಿ ಉಂಟು. ಅದನ್ನಾದರೂ ಮುಗಿಸಿ ಹೋಗು."

"ಅದು ನಿನ್ನ ಶನಿ. ನೀನೇ ಮುಗಿಸು."

ಅವಳು ಅಂಗಳಕ್ಕೆ ಇಳಿದಳು. ಆಗ ಲೋಕಯ್ಯನ ಮೂಗಿನ ತುದಿ ಬಿಸಿಯಾಯಿತು. ಹೋಗಬೇಡ ಎಂದು ಇನ್ನೊಮ್ಮೆ ಹೇಳಬೇಕೆಂದೇ ಬಾಯಿ ತೆರೆದದ್ದು. ಹೊರಗೆ ಬಂದದ್ದು ಬೇರೆ.

"ಗೇಟು ದಾಟಿದರೆ ಮತ್ತೆ ಈ ಮೆಟ್ಟಿಲು ಹತ್ತಬೇಡ! ಹೇಳಿದ್ದೇನೆ!"

ಈ ಮಾತನ್ನು ಲೋಕಯ್ಯ ತನ್ನ ಜೀವನದಲ್ಲಿ ಆರು ಜನರಿಗೆ ಹೇಳಿದ್ದ. ಆರು ಜನವೂ ತಪ್ಪದೆ ಪಾಲಿಸಿದ್ದರು. ಪ್ರಫುಲ್ಲಾಳಿಗೆ ಮಾತ್ರ ವಾರಕ್ಕೊಂದು ಸಲ ಹೇಳುತ್ತಿದ್ದ. ಅವಳು ಗೇಟು ದಾಟಿ, ಅಂಗಡಿಗೆ ಹೋಗಿ, ಒಣಮೀನು ತಂದು, "ಹತ್ತಿದೆ ನೋಡು" ಎಂದು ಒಳಗೆ ಬರುತ್ತಿದ್ದಳು. ಈ ಸಲ ಅವಳು ಗೇಟಿನ ಹತ್ತಿರ ಒಮ್ಮೆ ನಿಂತಳು. "ಆಯಿತು ಅಣ್ಣ" ಎಂದಳು. ಜಗಳದ ದನಿ ಅದರಲ್ಲಿ ಇರಲಿಲ್ಲ. ಗೇಟನ್ನು ಸದ್ದಾಗದಂತೆ ಎಳೆದು ಹಾಕಿ ರಸ್ತೆಯ ಕಡೆ ನಡೆದಳು.

ಐದು ಗಂಟೆಯ ಬಸ್ಸು ಹೊಸಂಗಡಿಯ ಕಡೆ ಹೋದ ಸದ್ದು ಲೋಕಯ್ಯನಿಗೆ ಕೇಳಿಸಿತು. ಬೋವಿಕಾನಕ್ಕೆ ಹೋಗಬೇಕಾದರೆ ಅಲ್ಲಿ ಇಳಿದು ಬಸ್ಸು ಬದಲಿಸಬೇಕು. ಹೊಸಂಗಡಿಗೆ ಹೋಗಿ, ಸಿಟ್ಟು ಇಳಿದು, ಅದೇ ಬಸ್ಸಿನಲ್ಲಿ ವಾಪಸು ಬರುತ್ತಾಳೆ ಎಂದು ಅವನ ಲೆಕ್ಕ. ಹಾಗೆ ಬಂದರೆ ಏನು ಹೇಳುವುದೆಂದು ತಯಾರಿ ಮಾಡಿಕೊಂಡ. 'ತಪ್ಪಾಯಿತು' ಎಂದು ಬಾಯೊಳಗೆ ಹೇಳಿ ನೋಡಿದ, ಬೇರೆ ಯಾರದೋ ಚಪ್ಪಲಿ ಹಾಕಿಕೊಂಡ ಹಾಗೆ ಆಯಿತು. ಆದರೂ ಅದನ್ನೇ ಹೇಳುವುದೆಂದು ನಿರ್ಧರಿಸಿ, ಆರೂವರೆಗೆ ಹೋಗಿ ಬಸ್ಸು ನಿಲ್ಲುವಲ್ಲಿ ನಿಂತ.

ಬಸ್ಸು ಬಂತು. ಹಿಂದಿನ ಬಾಗಿಲಿನಿಂದ ಎರಡು ಕೋಳಿ ಹಿಡಿದುಕೊಂಡು ಒಬ್ಬ ಇಳಿದ. ಮುಂದಿನ ಬಾಗಿಲಿನಿಂದ ಯಾರೂ ಇಳಿಯಲಿಲ್ಲ. ಕಂಡಕ್ಟರ್ ತಲೆ ಹೊರಗೆ ಹಾಕಿ, "ಹತ್ತುವುದಾ?" ಎಂದು ಕೇಳಿದ.

"ಹತ್ತಲಿಕ್ಕೆ ನಿಂತದ್ದು ಅಂತ ನಿನಗೆ ಹೇಳಿದ್ದು ಯಾರು?" ಎಂದು ಲೋಕಯ್ಯ ಗದರಿದ. "ರಸ್ತೆ ನಿನ್ನ ಅಪ್ಪನದ್ದಾ? ಮನುಷ್ಯರು ಇಲ್ಲಿ ನಿಲ್ಲಬಾರದಾ?"

ಕಂಡಕ್ಟರ್ ಬೆಲ್ ಹೊಡೆದ. ಪ್ರಫುಲ್ಲಾ ಆ ಬಸ್ಸಿನಲ್ಲಿ ಬಂದಿರಲಿಲ್ಲ. ನಂತರದ ಯಾವ ಬಸ್ಸಿನಲ್ಲೂ ಬರಲಿಲ್ಲ.